ಬಿಶ್ಕೆಕ್‌ನ ಹೊಲಿಗೆ ಯಂತ್ರಕ್ಕೆ ಢಾಕಾದ ಕೈ

ಕಿರ್ಗಿಸ್ತಾನ ಅಂದ ಕೂಡಲೇ ನಮ್ಮ ಕಡೆ ನೆನಪಾಗುವುದು ಎಂಬಿಬಿಎಸ್. ನೀಟ್‌ನಲ್ಲಿ ಸರ್ಕಾರಿ ಸೀಟು ಸಿಗಲಿಲ್ಲ, ಖಾಸಗಿ ಕಾಲೇಜಿನ ಫೀಸು ಕೇಳಿ ಅಪ್ಪ ಸುಮ್ಮನಾದರು, ಯಾರೋ ಏಜೆಂಟ್ ಅಲ್ಲಿನ ರಾಜಧಾನಿ ಬಿಶ್ಕೆಕ್ ಅಂದ, ಇನ್ಯಾರೋ ಓಶ್ ಅಂದರು. ಮನೆಮಂದಿಯೆಲ್ಲ ಮೊಬೈಲ್ ಮ್ಯಾಪ್ ತೆಗೆದು ಆ ಊರು ಎಲ್ಲಿದೆ ಅಂತ ಹುಡುಕಿದರು. ದಾವಣಗೆರೆಯಿಂದಲೋ ವಿಜಯಪುರದಿಂದಲೋ ಹೊರಟ ಹುಡುಗ ಹಿಮದ ಬೆಟ್ಟಗಳ ನಡುವೆ ಇಳಿಯುವ ಕತೆ ಈಗ ಹೊಸದೇನೂ ಅಲ್ಲ.

ಆ ಹುಡುಗ ಬಂದಿಳಿಯುವ ವಿಮಾನ ನಿಲ್ದಾಣದ ಇನ್ನೊಂದು ಬಾಗಿಲನ್ನೂ ಸ್ವಲ್ಪ ನೋಡಬೇಕು. ಓಶ್ ದಕ್ಷಿಣ ಕಿರ್ಗಿಸ್ತಾನದ ದೊಡ್ಡ ಊರು. ಅಲ್ಲಿಂದ ಹೊರಡುವ ವಿಮಾನಗಳಲ್ಲಿ ರಷ್ಯಾದ ಊರುಗಳಿಗೆ ಹೋಗುವಂಥವು ಬಹಳ. ಸಾಲಿನಲ್ಲಿ ನಿಂತವರು ಅದೇ 19, 20ರ ವಯಸ್ಸಿನವರು. ಕೈಯಲ್ಲಿ ಒಂದು ಬ್ಯಾಗು, ಬ್ಯಾಗಿನಲ್ಲಿ ಮನೆಯಲ್ಲಿ ಸುಟ್ಟ ರೊಟ್ಟಿ, ಒಣಗಿಸಿದ ಹಣ್ಣು. ಬಿಡಲು ಬಂದ ತಾಯಿ ಹೊರಗೆ ನಿಂತಿರುತ್ತಾಳೆ. ಒಂದು ಬಾಗಿಲಿನಿಂದ ಓದಲು ಬರುವವರು, ಇನ್ನೊಂದು ಬಾಗಿಲಿನಿಂದ ದುಡಿಯಲು ಹೋಗುವವರು. ಈಚೆಗೆ ಮೂರನೆಯ ಗುಂಪೊಂದು ಸೇರಿಕೊಂಡಿದೆ: ದುಡಿಯಲು ಬರುವವರು. ಬಾಂಗ್ಲಾದೇಶದವರು, ಪಾಕಿಸ್ತಾನದವರು, ಕೆಲವು ಭಾರತೀಯರು.

ಜನರನ್ನು ಹೊರಗೆ ಕಳಿಸಿ ಬದುಕುವ ದೇಶಕ್ಕೆ ಹೊರಗಿನಿಂದ ಜನ ಯಾಕೆ ಬೇಕಾಯಿತು? ಈ ಪ್ರಶ್ನೆ ಹಿಡಿದು ಹೋದರೆ ಮಾಸ್ಕೋ ಸಿಗುತ್ತದೆ, ಲಂಡನ್ ಆಚೆಯ ಸ್ಟ್ರಾಬೆರಿ ತೋಟ ಸಿಗುತ್ತದೆ, ಕೊನೆಗೆ ನಮ್ಮ ಕಲಬುರಗಿಯೂ ಸಿಗುತ್ತದೆ.

ಮೊದಲು ಹೋಗುವವರ ಕತೆ.

ಕಿರ್ಗಿಸ್ತಾನದ ವಿಸ್ತೀರ್ಣ ಹೆಚ್ಚುಕಡಿಮೆ ಕರ್ನಾಟಕದಷ್ಟೇ, ಸುಮಾರು 2 ಲಕ್ಷ ಚದರ ಕಿಲೋಮೀಟರ್. ಜನ ಮಾತ್ರ 70 ಲಕ್ಷ ಚಿಲ್ಲರೆ, ಬೆಂಗಳೂರಿನ ಅರ್ಧ. ನೆಲದ ಬಹುಪಾಲು ಬೆಟ್ಟ. ಉಳುವ ಭೂಮಿ ಕಣಿವೆಗಳಲ್ಲಷ್ಟೇ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಸಾಮೂಹಿಕ ಬೇಸಾಯದ ತೋಟಗಳು, ಗಣಿಗಳು, ಮಾಸ್ಕೋ ಆರ್ಡರ್ ನಂಬಿದ್ದ ಕಾರ್ಖಾನೆಗಳು ಒಂದೊಂದಾಗಿ ಕೂತುಬಿಟ್ಟವು. ಆಗ ಮೊದಲು ಹೊರಟವರು ಕಿರ್ಗಿಜರಲ್ಲ. ಅಲ್ಲಿ ನೆಲೆಸಿದ್ದ ರಷ್ಯನ್ನರು, ಜರ್ಮನ್ನರು ತಮ್ಮ ತಮ್ಮ ಕಡೆ ಹೊರಟರು. ಹಳ್ಳಿಯ ಕಿರ್ಗಿಜರು ಬಿಶ್ಕೆಕ್‌ಗೆ ಬಂದು ಊರಾಚೆ ಮನೆ ಕಟ್ಟಿಕೊಂಡರು. ಆ ಬಡಾವಣೆಗಳಿಗೆ ಇವತ್ತಿಗೂ 'ನೊವೊಸ್ತ್ರೋಯ್ಕಾ', ಅಂದರೆ ಹೊಸದಾಗಿ ಕಟ್ಟಿದ್ದು, ಅಂತಲೇ ಹೆಸರು. 2000ದ ನಂತರ ರಷ್ಯಾದಲ್ಲಿ ತೈಲದ ದುಡ್ಡು ಹರಿಯಿತು, ಕಟ್ಟಡಗಳು ಎದ್ದವು. ಆಮೇಲೆ ಶುರುವಾಯಿತು ಓಶ್, ಬಾತ್ಕೆನ್, ಜಲಾಲ್-ಅಬಾದ್ ಪ್ರಾಂತ್ಯಗಳಿಂದ ಮಾಸ್ಕೋಗೆ ಸಾಲು.

ಸಂಬಳದ ಲೆಕ್ಕ ಬಹಳ ಸರಳ. ಕಿರ್ಗಿಜ್ ನಾಣ್ಯ ಸೋಮ್, ರಷ್ಯಾದ್ದು ರೂಬಲ್. ಈಚಿನ ವರ್ಷಗಳಲ್ಲಿ ಒಂದು ರೂಬಲ್ ಅಂದರೆ ಹತ್ತಿರ ಹತ್ತಿರ ಒಂದು ಸೋಮ್. ಹೀಗಾಗಿ ಹಳ್ಳಿಯ ಅಜ್ಜಿಗೂ ಲೆಕ್ಕ ಬಾಯಲ್ಲೇ ಗೊತ್ತು. ಊರಿನ ಶಾಲೆಯ ಮೇಷ್ಟ್ರಿಗೆ ಇಪ್ಪತ್ತು ಚಿಲ್ಲರೆ ಸಾವಿರ ಸೋಮ್ ಬರುತ್ತಿದ್ದ ಕಾಲದಲ್ಲಿ ಮಾಸ್ಕೋದ ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುವ ಹುಡುಗ ಅದರ ಮೂರ್ನಾಲ್ಕು ಪಟ್ಟು ದುಡಿಯುತ್ತಿದ್ದ. ಇದರಲ್ಲೊಂದು ಅಪಾಯವೂ ಇದೆ. ರೂಬಲ್ ಬಿದ್ದರೆ ಆ ತಿಂಗಳೇ ಹಳ್ಳಿಯ ಅಂಗಡಿಯಲ್ಲಿ ಗೊತ್ತಾಗುತ್ತದೆ. 2014ರ ಕೊನೆಯಲ್ಲಿ ರೂಬಲ್ ಬೆಲೆ ಡಾಲರ್ ಎದುರು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಾಗ ಹಾಗೇ ಆಯಿತು. ಹುಡುಗ ಅಷ್ಟೇ ಕೆಲಸ ಮಾಡಿದ, ಅಷ್ಟೇ ರೂಬಲ್ ಕಳಿಸಿದ. ಊರಿಗೆ ಬಂದಿದ್ದು ಕಮ್ಮಿ.

ಹಿಂದೆ ದುಡ್ಡು ಕಳಿಸಲು 'ಜೊಲೊತಾಯಾ ಕರೋನಾ' ಅನ್ನುವ ರಷ್ಯನ್ ಸೇವೆಯ ಕಿಂಡಿಗೆ ಹೋಗಬೇಕಿತ್ತು. ಹೆಸರಿನ ಅರ್ಥ ಬಂಗಾರದ ಕಿರೀಟ. ಕಳಿಸುವವನ ಕೈಯಲ್ಲಿ ಸಿಮೆಂಟು ಮೆತ್ತಿರುತ್ತಿತ್ತು ಅನ್ನುವುದು ಬೇರೆ ಮಾತು. ಈಗ ಫೋನ್ ನಂಬರ್ ಹಾಕಿದರೆ ಅರ್ಧ ನಿಮಿಷದಲ್ಲಿ ಅಮ್ಮನ ಆ್ಯಪ್‌ಗೆ ಸೇರುತ್ತದೆ, ನಮ್ಮ ಫೋನ್‌ಪೇ ಥರ. ಹೀಗೆ ಬರುವ ಹಣ ವರ್ಷಕ್ಕೆ 300 ಕೋಟಿ ಡಾಲರ್ ಆಸುಪಾಸು. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗಿಂತ ಜಾಸ್ತಿ ರಷ್ಯಾದಿಂದ. 2021ರಲ್ಲಿ ಅದು ದೇಶದ ಜಿಡಿಪಿಯ 30%ಗೆ ಹತ್ತಿರವಿತ್ತು. ಈಚೆಗೆ ಆ ಪಾಲು ಇಳಿದಿದೆ. ಇಳಿದಿದ್ದಕ್ಕೆ ಮುಖ್ಯ ಕಾರಣ ಹಣ ಕಮ್ಮಿಯಾದದ್ದಲ್ಲ, ಜಿಡಿಪಿ ಉಬ್ಬಿದ್ದು. ಉಕ್ರೇನ್ ಯುದ್ಧ ಶುರುವಾದ ಮೇಲೆ ನಿರ್ಬಂಧಗಳಿಂದಾಗಿ ರಷ್ಯಾಕ್ಕೆ ನೇರವಾಗಿ ಹೋಗದ ಕಾರು, ಬಿಡಿಭಾಗ, ಬಟ್ಟೆಬರೆ ಕಿರ್ಗಿಸ್ತಾನದ ಮೂಲಕ ಹೋಗತೊಡಗಿದವು. ವ್ಯಾಪಾರ ಕುದುರಿತು, 2024ರಲ್ಲಿ ಆರ್ಥಿಕತೆ 9% ಬೆಳೆಯಿತು. ಪಕ್ಕದ ತಜಿಕಿಸ್ತಾನದಲ್ಲಿ ಹೊರಗಿನಿಂದ ಬರುವ ಹಣ ಜಿಡಿಪಿಯ ಅರ್ಧದ ಹತ್ತಿರ ಇದೆ, ಅದರ ಮುಂದೆ ಇದು ಸಣ್ಣದು ಅನ್ನಿಸಬಹುದು. ಆದರೆ ಹಳ್ಳಿ ಮನೆಯ ಒಲೆ ಜಿಡಿಪಿ ನೋಡಿ ಉರಿಯುವುದಿಲ್ಲವಲ್ಲ.

ಮಧ್ಯ ಏಷ್ಯಾದ ಬೇರೆ ದೇಶಗಳವರಿಗಿಂತ ಕಿರ್ಗಿಜರಿಗೆ ಒಂದು ಅನುಕೂಲ ಇತ್ತು. ಅದು ಸಿಕ್ಕಿದ್ದು 2015ರ ಆಗಸ್ಟ್‌ನಲ್ಲಿ. ರಷ್ಯಾ, ಕಜಕಸ್ತಾನ, ಬೆಲಾರೂಸ್, ಅರ್ಮೇನಿಯಾ ಇರುವ ಯುರೇಷಿಯನ್ ಆರ್ಥಿಕ ಒಕ್ಕೂಟಕ್ಕೆ ಕಿರ್ಗಿಸ್ತಾನ ಸೇರಿತು. ಅದರ ನಿಯಮದ ಪ್ರಕಾರ ಸದಸ್ಯ ದೇಶದವರು ರಷ್ಯಾದಲ್ಲಿ ಕೆಲಸ ಮಾಡಲು 'ಪೇಟೆಂಟ್' ಬೇಕಿಲ್ಲ. ಪೇಟೆಂಟ್ ಅಂದರೆ ನಾವು ತಿಳಿದಂತೆ ಸಂಶೋಧನೆಯ ಹಕ್ಕಲ್ಲ, ಕೆಲಸದ ಪರವಾನಗಿ. ತಜಿಕ್ ಹುಡುಗ, ಉಜ್ಬೆಕ್ ಹುಡುಗ ಮಾಸ್ಕೋ ಆಚೆ ಸಖಾರೊವೊ ಅನ್ನುವ ಕಡೆ ದೊಡ್ಡ ಕೇಂದ್ರಕ್ಕೆ ಹೋಗಿ ಸಾಲು ನಿಲ್ಲಬೇಕು. ರಕ್ತ ಪರೀಕ್ಷೆ, ಬೆರಳಚ್ಚು, ರಷ್ಯನ್ ಭಾಷೆ, ಇತಿಹಾಸ, ಕಾನೂನಿನ ಪರೀಕ್ಷೆ. ಆಮೇಲೂ ಪ್ರತಿ ತಿಂಗಳು ಹಣ ಕಟ್ಟಬೇಕು, 2025ರಲ್ಲಿ ಮಾಸ್ಕೋದಲ್ಲಿ ಅದು ತಿಂಗಳಿಗೆ 8,900 ರೂಬಲ್. ಒಂದು ತಿಂಗಳು ತಪ್ಪಿದರೆ ಎಲ್ಲ ಮೊದಲಿನಿಂದ. ಕಿರ್ಗಿಜನಿಗೆ ಭಾಷೆ, ಇತಿಹಾಸದ ಪರೀಕ್ಷೆಯೂ ಇಲ್ಲ, ತಿಂಗಳ ಹಣವೂ ಇಲ್ಲ. ಮಾಲೀಕನ ಜೊತೆ ಒಂದು ಒಪ್ಪಂದ ಇದ್ದರೆ ಸಾಕು. ಅದು ಬಿಟ್ಟು ಇನ್ನೊಂದು ಕಡೆ ಸೇರಬೇಕೆಂದರೆ ಸೇರಬಹುದು. ಈ ಕೊನೆಯ ವಾಕ್ಯ ನೆನಪಿರಲಿ, ಮತ್ತೆ ಬೇಕಾಗುತ್ತದೆ.

ಈ ಸಲೀಸು ಇದ್ದದ್ದರಿಂದಲೋ ಏನೋ, ಕಿರ್ಗಿಜರಲ್ಲಿ ಹೆಂಗಸರೂ ಬಹಳ ಮಂದಿ ಹೋದರು. ರಷ್ಯಾದಲ್ಲಿರುವ ಕಿರ್ಗಿಜ್ ವಲಸಿಗರಲ್ಲಿ ಹತ್ತಿರ ಹತ್ತಿರ 40% ಹೆಂಗಸರು ಎಂಬ ಅಂದಾಜಿದೆ. ತಜಿಕರಲ್ಲಿ ಇಷ್ಟಿಲ್ಲ. ಇದಕ್ಕೆ ಮನೆಯೊಳಗಿನ ಕಾರಣವೂ ಇದೆ. ಕಿರ್ಗಿಜ್ ಮನೆಯಲ್ಲಿ ಸೊಸೆಗೆ 'ಕೆಲಿನ್' ಅನ್ನುತ್ತಾರೆ. ಕೆಲಿನ್ ಎಲ್ಲರಿಗಿಂತ ಮೊದಲು ಏಳಬೇಕು, ಅತ್ತೆ ಮಾವನಿಗೆ ಟೀ ಬಗ್ಗಿಸಿ ಕೊಡಬೇಕು, ಬಂದವರಿಗೆಲ್ಲ ಬಡಿಸಿ ಕೊನೆಗೆ ಕೂರಬೇಕು. ಗಂಡ ಮಾಸ್ಕೋದಲ್ಲಿ, ತಾನು ಅತ್ತೆ ಮನೆಯಲ್ಲಿ ಅಂದರೆ ಎಷ್ಟು ವರ್ಷ ಅಂತ ಇರುತ್ತಾಳೆ? ಅದರ ಬದಲು ಗಂಡನ ಜೊತೆ ಹೋಗಿ ಸೂಪರ್ ಮಾರ್ಕೆಟ್‌ನಲ್ಲಿ ಕ್ಯಾಷಿಯರ್ ಆಗುವುದು, ಹೋಟೆಲಿನಲ್ಲಿ ತಟ್ಟೆ ತೊಳೆಯುವುದು ಎಷ್ಟೋ ಮೇಲು ಅಂದುಕೊಂಡವರು ಕಮ್ಮಿಯಿಲ್ಲ. ದುಡ್ಡು ಮಾತ್ರ ಜನರನ್ನು ಹೊರಡಿಸುತ್ತದೆ ಅನ್ನುವ ಅರ್ಥಶಾಸ್ತ್ರದ ಲೆಕ್ಕದಲ್ಲಿ ಈ ಟೀ ಲೋಟ ಕಾಣುವುದಿಲ್ಲ.

ಹಾಗೆ ಹೋದವರ ಬದುಕು ಹೇಗಿತ್ತು ಅನ್ನುವುದಕ್ಕೆ ಒಂದು ದಿನ ಸಾಕು. 2016ರ ಆಗಸ್ಟ್ 27, ಉತ್ತರ ಮಾಸ್ಕೋದ ಮುದ್ರಣಾಲಯವೊಂದರ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ಹತ್ತಿದ್ದು ಕೆಳಗೆ. ಮೇಲಿನ ಮಹಡಿಯಲ್ಲಿ ಬಟ್ಟೆ ಬದಲಿಸುವ ಕೋಣೆಯಲ್ಲಿದ್ದವರು ಹೊರಗೆ ಬರಲಾಗಲಿಲ್ಲ. 17 ಮಂದಿ ಸತ್ತರು. ಹೆಚ್ಚಿನವರು ಕಿರ್ಗಿಸ್ತಾನದ ಎಳೆಯ ಹೆಣ್ಣುಮಕ್ಕಳು.

ಊರಲ್ಲಿ ಉಳಿದವರು ಅಜ್ಜ ಅಜ್ಜಿ ಮತ್ತು ಮಕ್ಕಳು. ಲಕ್ಷಕ್ಕೂ ಮೀರಿ ಮಕ್ಕಳು ಅಪ್ಪನೋ ಅಮ್ಮನೋ ಅಥವಾ ಇಬ್ಬರೂ ಇಲ್ಲದೆ ಬೆಳೆಯುತ್ತಿದ್ದಾರೆ. ಹೊರಗಿನವರು ಇದನ್ನು ನೋಡಿ ಮರುಗುತ್ತಾರೆ. ಆದರೆ ಕಿರ್ಗಿಜರಲ್ಲಿ ಒಂದು ಹಳೆಯ ಪದ್ಧತಿ ಇದೆ: ಮೊದಲ ಮೊಮ್ಮಗುವನ್ನು ಅಜ್ಜ ಅಜ್ಜಿಯೇ ತಮ್ಮ ಮಗುವಿನಂತೆ ಸಾಕುವುದು. ಅಂಥ ಮನೆಗಳಲ್ಲಿ ಮಗು ಅಜ್ಜಿಯನ್ನೇ 'ಅಪಾ', ಅಂದರೆ ಅಮ್ಮ, ಎಂದು ಕರೆಯುತ್ತದೆ. ಹೆತ್ತವಳು ಅಕ್ಕನ ಥರ. ಹೀಗಾಗಿ ಮಗುವನ್ನು ಬಿಟ್ಟು ಮಾಸ್ಕೋಗೆ ಹೋಗುವುದು ಶುರುವಿನಲ್ಲಿ ದೊಡ್ಡ ತಪ್ಪು ಅಂತ ಯಾರಿಗೂ ಅನ್ನಿಸಲಿಲ್ಲ. ಪದ್ಧತಿ ಇತ್ತು, ಒಪ್ಪಿಗೆ ಇತ್ತು. ಆದರೆ ಆ ಪದ್ಧತಿ ಹುಟ್ಟಿದ ಕಾಲದಲ್ಲಿ ಹೆತ್ತವರು ಅದೇ ಊರಲ್ಲಿ, ಅದೇ ಬೇಸಿಗೆಯ ಹುಲ್ಲುಗಾವಲಲ್ಲಿ ಕಣ್ಣೆದುರೇ ಇರುತ್ತಿದ್ದರು. ಈಗ 3,000 ಕಿಲೋಮೀಟರ್ ಆಚೆ ಇದ್ದಾರೆ, ವೀಡಿಯೊ ಕಾಲ್‌ನಲ್ಲಿ ಬರುತ್ತಾರೆ. ಅಜ್ಜಿಗೆ ವಯಸ್ಸಾಗುತ್ತಿದೆ. ಶಾಲೆಯಲ್ಲಿ ಸಹಿ ಹಾಕಲು, ಆಸ್ಪತ್ರೆಯಲ್ಲಿ ಒಪ್ಪಿಗೆ ಕೊಡಲು ಕಾನೂನಿನ ಪ್ರಕಾರ ಅಜ್ಜಿಗೆ ಅಧಿಕಾರ ಇದೆಯಾ ಅಂದರೆ, ಕಾಗದ ಮಾಡಿಸಿಟ್ಟವರು ಕಮ್ಮಿ.

ಬಂದ ದುಡ್ಡು ಎಲ್ಲಿ ಹೋಯಿತು ಅಂತಲೂ ಕೇಳಬಹುದು. ಮನೆ, ಔಷಧಿ, ಮಕ್ಕಳ ಓದು, ಹಳೆಯ ಜಪಾನಿ ಕಾರು. ಆಮೇಲೆ 'ತೊಯ್'. ಮದುವೆ, ಮುಂಜಿ, ಮಗುವಿನ ಮೊದಲ ಹೆಜ್ಜೆ, ಎಲ್ಲಕ್ಕೂ ತೊಯ್, ಊರೂಟ. ಕುರಿ ಕಡಿಯಬೇಕು, ಕುದುರೆ ಮಾಂಸ ಇರಬೇಕು. ಇದನ್ನು ದುಂದು ಅಂತ ಬೈಯುವವರು ಬಿಶ್ಕೆಕ್‌ನಲ್ಲೂ ಇದ್ದಾರೆ. ತಜಿಕಿಸ್ತಾನವಂತೂ 2007ರಲ್ಲೇ ಮದುವೆಗೆ ಎಷ್ಟು ಜನರನ್ನು ಕರೆಯಬಹುದು ಅಂತ ಕಾನೂನು ಮಾಡಿತು. ನನಗೆ ಆ ಬೈಗುಳ ಪೂರ್ತಿ ಒಪ್ಪಿಗೆಯಿಲ್ಲ. ಎರಡು ವರ್ಷ ಊರಲ್ಲಿ ಇರದವನು ಊರಿನಲ್ಲಿ ತನಗೊಂದು ಜಾಗ ಉಳಿದಿದೆ ಅಂತ ತೋರಿಸಿಕೊಳ್ಳುವುದು ಊಟ ಹಾಕಿಯೇ ಅಲ್ವಾ? ದುಬೈಯಿಂದ ಬಂದವರು ಭಟ್ಕಳದಲ್ಲಿ, ಮಂಗಳೂರಿನಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

2024ರ ಮಾರ್ಚ್ 22ರ ರಾತ್ರಿ ಈ ಲೆಕ್ಕವೆಲ್ಲ ಬದಲಾಯಿತು. ಮಾಸ್ಕೋ ಪಕ್ಕದ ಕ್ರೋಕಸ್ ಸಿಟಿ ಹಾಲ್ ಅನ್ನುವ ಸಭಾಂಗಣಕ್ಕೆ ಬಂದೂಕುಧಾರಿಗಳು ನುಗ್ಗಿದರು. 140ಕ್ಕೂ ಹೆಚ್ಚು ಜನ ಸತ್ತರು. ಸಿಕ್ಕಿಬಿದ್ದ ಬಂದೂಕುಧಾರಿಗಳು ತಜಿಕಿಸ್ತಾನದವರು. ಆದರೆ ಬೀದಿಯಲ್ಲಿ ತಡೆದು ಪಾಸ್‌ಪೋರ್ಟ್ ಕೇಳುವ ಪೊಲೀಸನಿಗೆ ತಜಿಕ್ ಯಾರು, ಕಿರ್ಗಿಜ್ ಯಾರು ಅನ್ನುವ ಬೇಧ ಯಾಕೆ? ಮುಖ ನೋಡಿ ತಡೆಯುವುದು, ಹಾಸ್ಟೆಲುಗಳ ಮೇಲೆ ದಾಳಿ, ವಿಮಾನ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕೂರಿಸಿ ಫೋನ್ ತೆಗೆಸಿ ನೋಡಿ ವಾಪಸ್ ಕಳಿಸುವುದು ಮಾಮೂಲಾಯಿತು. ಅಗತ್ಯವಿಲ್ಲದೆ ರಷ್ಯಾಕ್ಕೆ ಹೋಗಬೇಡಿ ಅಂತ ಕಿರ್ಗಿಜ್ ವಿದೇಶಾಂಗ ಇಲಾಖೆಯೇ ತನ್ನ ಜನರಿಗೆ ಹೇಳಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಮಾಸ್ಕೋದ ಒಂದು ಸಾರ್ವಜನಿಕ ಸ್ನಾನಗೃಹಕ್ಕೆ ಪೊಲೀಸರು ನುಗ್ಗಿ ಅಲ್ಲಿದ್ದ ಕಿರ್ಗಿಜರನ್ನು ನೆಲಕ್ಕೆ ಕೆಡವಿ ಹೊಡೆದ ವೀಡಿಯೊ ಹರಿದಾಡಿದಾಗ ಬಿಶ್ಕೆಕ್ ಅಧಿಕೃತವಾಗಿ ಆಕ್ಷೇಪ ಎತ್ತಿತು.

ದಾಳಿಗಳು ಬರುತ್ತವೆ, ಹೋಗುತ್ತವೆ. ಕಾನೂನು ಹಾಗಲ್ಲ, ಬಂದು ಕೂರುತ್ತದೆ. 2025ರ ಫೆಬ್ರವರಿ 5ರಿಂದ ರಷ್ಯಾದಲ್ಲಿ 'ನಿಯಂತ್ರಣಕ್ಕೊಳಪಟ್ಟವರ ಪಟ್ಟಿ' ಜಾರಿಗೆ ಬಂತು. ಕಾಗದಪತ್ರದಲ್ಲಿ ಏನೋ ಕೊರತೆ ಇದ್ದರೆ ಹೆಸರು ಅದರಲ್ಲಿ ಸೇರುತ್ತದೆ. ಕೋರ್ಟು ಇಲ್ಲ, ವಿಚಾರಣೆ ಇಲ್ಲ. ಆಮೇಲೆ ಆತ ಕಾರು ಓಡಿಸುವಂತಿಲ್ಲ. ಮನೆ ಕೊಳ್ಳುವಂತಿಲ್ಲ. ಮದುವೆ ನೋಂದಣಿ ಮಾಡಿಸುವಂತಿಲ್ಲ. ಬ್ಯಾಂಕಿನಿಂದ ತಿಂಗಳಿಗೆ 30,000 ರೂಬಲ್‌ಗಿಂತ ಹೆಚ್ಚು ತೆಗೆಯುವಂತಿಲ್ಲ. ಟ್ಯಾಕ್ಸಿ ಓಡಿಸುವವನಿಗೆ ಇದು ಹೇಗೆ ಗೊತ್ತಾಗುತ್ತದೆ? ಬೆಳಿಗ್ಗೆ ಎದ್ದು ನೋಡಿದರೆ ಕಾರ್ಡು ಓಡುವುದಿಲ್ಲ. ಹೆಸರು ತಪ್ಪಾಗಿ ಸೇರಿದ್ದರೂ ತೆಗೆಸಲು ಓಡಾಡಬೇಕಾದವನು ಅವನೇ. ಕಿರ್ಗಿಜರು ಈ ಬಗೆಯ ಪಟ್ಟಿಗಳಿಗೆಲ್ಲ ಸೇರಿಸಿ 'ಕರಾ ತಿಜ್ಮೆ' ಅನ್ನುತ್ತಾರೆ, ಕಪ್ಪು ಪಟ್ಟಿ. ಕರಾ ಅಂದರೆ ಕಪ್ಪು. ನಮ್ಮ 'ಕರಿ'ಗೆ ಎಷ್ಟು ಹತ್ತಿರ ಕೇಳಿಸುತ್ತದೆ ನೋಡಿ! ಸಂಬಂಧ ಕಲ್ಪಿಸಲು ಹೋಗಬೇಡಿ, ಸುಮ್ನೆ ಹೇಳಿದೆ.

ಮಕ್ಕಳ ವಿಷಯ ಇನ್ನೂ ಬಿಗಿ. 2025ರ ಏಪ್ರಿಲ್‌ನಿಂದ ವಿದೇಶಿ ಮಗು ರಷ್ಯಾದ ಶಾಲೆಗೆ ಸೇರಬೇಕೆಂದರೆ ರಷ್ಯನ್ ಭಾಷೆಯ ಪರೀಕ್ಷೆ ಪಾಸಾಗಬೇಕು. ಶುರುವಿನ ತಿಂಗಳುಗಳಲ್ಲಿ ಅರ್ಜಿ ಹಾಕಿದ ಹೆಚ್ಚಿನ ಮಕ್ಕಳು ಪರೀಕ್ಷೆಯ ಕೋಣೆಯವರೆಗೂ ಹೋಗಲಿಲ್ಲ, ಕಾಗದಪತ್ರ ಸರಿಯಿಲ್ಲ ಅಂತ ಬಾಗಿಲಲ್ಲೇ ವಾಪಸ್ ಬಂದರು. ಇಲ್ಲೊಂದು ವಿಚಿತ್ರ ಇದೆ. ಈ ಮಕ್ಕಳ ಅಜ್ಜಂದಿರು ಸೋವಿಯತ್ ಸೈನ್ಯದಲ್ಲಿ ಇದ್ದವರು, ರಷ್ಯನ್ ಸಲೀಸಾಗಿ ಮಾತಾಡುತ್ತಾರೆ. ಅಪ್ಪಂದಿರಿಗೆ ಅರ್ಧ ಬರುತ್ತದೆ. ಹಳ್ಳಿ ಶಾಲೆಯಲ್ಲಿ ರಷ್ಯನ್ ಮೇಷ್ಟ್ರೇ ಇಲ್ಲದ ಕಾಲದಲ್ಲಿ ಬೆಳೆದ ಮೊಮ್ಮಕ್ಕಳಿಗೆ ಬರುವುದಿಲ್ಲ. ಪರೀಕ್ಷೆ ಬಂದಿದ್ದು ಅವರಿಗೆ.

ಒಕ್ಕೂಟದ ಸದಸ್ಯ ಅನ್ನುವ ಕಾಗದ ಏನು ಮಾಡಿತು ಹಾಗಾದರೆ? ಪೇಟೆಂಟ್ ಈಗಲೂ ಬೇಕಿಲ್ಲ. ಅಷ್ಟು ನಿಜ. ಆದರೆ ಕೆಲಸ ಮಾಡುವವನ ಹೆಂಡತಿ ಮಕ್ಕಳಿಗೆ ಆರೋಗ್ಯ ವಿಮೆ ಕೊಡಲು ರಷ್ಯಾ ಒಪ್ಪಲಿಲ್ಲ. ಕಿರ್ಗಿಸ್ತಾನ 2025ರ ಶುರುವಿನಲ್ಲಿ ಒಕ್ಕೂಟದ ನ್ಯಾಯಾಲಯಕ್ಕೇ ಹೋಗಿ ರಷ್ಯಾದ ಮೇಲೆ ಮೊಕದ್ದಮೆ ಹಾಕಿತು. ಸಣ್ಣ ದೇಶಕ್ಕೆ ಇದು ದೊಡ್ಡ ಧೈರ್ಯ. ಪೆಟ್ರೋಲು ರಷ್ಯಾದ್ದು, ಅನಿಲ ರಷ್ಯಾದ್ದು, ಬಿಶ್ಕೆಕ್ ಪಕ್ಕದ ಕಾಂತ್‌ನಲ್ಲಿ ರಷ್ಯಾದ ವಾಯುನೆಲೆ ಇದೆ. ಇಷ್ಟೆಲ್ಲ ಇಟ್ಟುಕೊಂಡು ಜಗಳ ಎಷ್ಟು ದೂರ ಆಡಲಾಗುತ್ತದೆ?

ಇನ್ನು ಅಂಕಿಗಳು. ರಷ್ಯಾದಲ್ಲಿ ಕಿರ್ಗಿಜರು ಆರೇಳು ಲಕ್ಷ ಅಂತ ಹೇಳುತ್ತಿದ್ದ ಕಾಲವಿತ್ತು, ಹತ್ತು ಲಕ್ಷ ಅಂದವರೂ ಇದ್ದರು. ಈಗ ಅಧಿಕಾರಿಗಳ ಬಾಯಲ್ಲಿ ಬರುವುದು ನಾಲ್ಕು ಲಕ್ಷದೊಳಗಿನ ಲೆಕ್ಕ. ಇದನ್ನು ಹಿಡಿದುಕೊಂಡು 'ಜನ ಮನೆಗೆ ಬರುತ್ತಿದ್ದಾರೆ' ಅಂತ ಸರ್ಕಾರ ಸಂತೋಷಪಡುತ್ತದೆ. ಬರುತ್ತಿರುವವರು ಇದ್ದಾರೆ, ಸುಳ್ಳಲ್ಲ. ಬಿಶ್ಕೆಕ್‌ನಲ್ಲಿ ಎಲ್ಲಿ ನೋಡಿದರೂ ಕ್ರೇನು. ಚೀನಾ, ಕಿರ್ಗಿಸ್ತಾನ, ಉಜ್ಬೆಕಿಸ್ತಾನ ಜೋಡಿಸುವ ರೈಲು ಮಾರ್ಗದ ಕೆಲಸಕ್ಕೆ 2024ರ ಡಿಸೆಂಬರ್‌ನಲ್ಲಿ ಚಾಲನೆ ಸಿಕ್ಕಿದೆ. ಆದರೆ ಲೆಕ್ಕದಿಂದ ಮಾಯವಾದವರೆಲ್ಲ ಮನೆಗೆ ಬಂದಿಲ್ಲ.

ಎಷ್ಟೋ ಜನ ಈಗ ರಷ್ಯಾದ ಪ್ರಜೆಗಳು. ಎರಡು ದಶಕದಿಂದ ಕಿರ್ಗಿಜರಿಗೆ ರಷ್ಯಾದ ಪಾಸ್‌ಪೋರ್ಟ್ ಸಿಗುವುದು ಬೇರೆಯವರಿಗಿಂತ ಸುಲಭವಿತ್ತು. ಲಕ್ಷಗಟ್ಟಲೆ ಜನ ತೆಗೆದುಕೊಂಡರು. ಪಾಸ್‌ಪೋರ್ಟ್ ಸಿಕ್ಕ ದಿನದಿಂದ ಆತ 'ವಲಸಿಗ' ಅನ್ನುವ ಪಟ್ಟಿಯಲ್ಲಿಲ್ಲ. ಆದರೆ ಅದೇ ಕೆಲಸ, ಅದೇ ಬಾಡಿಗೆ ಕೋಣೆ. 2022ರವರೆಗೆ ಆ ಕೆಂಪು ಪುಸ್ತಕ ಒಂದು ರಕ್ಷಣೆಯಾಗಿತ್ತು. ಯುದ್ಧ ಬಂದ ಮೇಲೆ ಅದೇ ಕುತ್ತಿಗೆಗೆ ಬಂತು. ಹೊಸ ಪ್ರಜೆಗಳು ಸೈನ್ಯದ ಕಚೇರಿಯಲ್ಲಿ ಹೆಸರು ಬರೆಸಬೇಕು, ಬರೆಸದಿದ್ದರೆ ಪೌರತ್ವವನ್ನೇ ಕಿತ್ತುಕೊಳ್ಳಬಹುದು ಅನ್ನುವ ಕಾನೂನು ಬಂತು. ಹೀಗೆ ಹಿಡಿದ ಹೊಸ ಪ್ರಜೆಗಳಲ್ಲಿ 20,000 ಮಂದಿ ಆಗಲೇ ಯುದ್ಧದ ಮುಂಚೂಣಿಯಲ್ಲಿದ್ದಾರೆ ಅಂತ ರಷ್ಯಾದ ತನಿಖಾ ಸಮಿತಿಯ ಮುಖ್ಯಸ್ಥ ಅಲೆಕ್ಸಾಂಡರ್ ಬಸ್ತ್ರಿಕಿನ್ 2025ರ ಮೇನಲ್ಲಿ ಹೆಮ್ಮೆಯಿಂದಲೇ ಹೇಳಿದರು. ಇತ್ತ ಕಿರ್ಗಿಜ್ ಕಾನೂನಿನಲ್ಲಿ ಬೇರೆ ದೇಶದ ಯುದ್ಧಕ್ಕೆ ಹೋಗುವುದು ಅಪರಾಧ. ಅಲ್ಲಿ ಹೋಗದಿದ್ದರೆ ಶಿಕ್ಷೆ, ಹೋಗಿ ಊರಿಗೆ ಬಂದರೆ ಶಿಕ್ಷೆ.

ಇನ್ನು ಕೆಲವರು ಬೇರೆ ದಾರಿ ಹಿಡಿದರು. ತುರ್ಕಿಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೆಂಗಸರು, ಭಾಷೆಯೂ ಸ್ವಲ್ಪ ಹತ್ತಿರ. ಕೊರಿಯಾಕ್ಕೆ ಕೊರಿಯನ್ ಭಾಷೆ ಕಲಿತು ಪರೀಕ್ಷೆ ಬರೆದು ಹೋಗುವವರು. ಎಲ್ಲಕ್ಕಿಂತ ಹೊಸದು ಬ್ರಿಟನ್. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ (ಬ್ರೆಕ್ಸಿಟ್) ನಂತರ ಯುರೋಪಿನ ಕೂಲಿಯವರು ಬರುವುದು ನಿಂತಿತು. ಯುದ್ಧದ ಮೇಲೆ ಉಕ್ರೇನಿನವರೂ ಸಿಗಲಿಲ್ಲ. ಹಣ್ಣು ಕೀಳಲು ಬ್ರಿಟನ್ ಮಧ್ಯ ಏಷ್ಯಾದ ಕಡೆ ತಿರುಗಿತು. 2023ರಲ್ಲಿ ಬ್ರಿಟನ್ ಕೊಟ್ಟ ಹಂಗಾಮಿ ಕೆಲಸಗಾರರ ವೀಸಾಗಳಲ್ಲಿ ಸುಮಾರು ಕಾಲು ಭಾಗ ಕಿರ್ಗಿಜರಿಗೆ. ಅದೇ ಮೊದಲ ಸ್ಥಾನ.

ಓಶ್ ಹತ್ತಿರದ ಹುಡುಗಿಯೊಬ್ಬಳು ಬ್ರಿಟನ್ನಿನ ಪಾಲಿಟನೆಲ್ ಒಳಗೆ, ಅಂದರೆ ಪ್ಲಾಸ್ಟಿಕ್ ಹೊದಿಸಿದ ಉದ್ದನೆಯ ಚಪ್ಪರದೊಳಗೆ, ಸ್ಟ್ರಾಬೆರಿ ಕೀಳುವುದನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ವೀಸಾ ಆರು ತಿಂಗಳಿಗೆ. ವಾರಕ್ಕೆ ಕನಿಷ್ಠ 32 ಗಂಟೆಯ ಸಂಬಳ ಕೊಡಲೇಬೇಕು ಅನ್ನುವ ನಿಯಮ 2023ರಿಂದ ಇದೆ. ಗಂಟೆಗೆ ಸಿಗುವ ಪೌಂಡು ಮಾಸ್ಕೋದ ಸಂಬಳವನ್ನು ಮೀರಿಸುತ್ತದೆ. ಆದರೆ ವೀಸಾ ಶುಲ್ಕ, ವಿಮಾನದ ಟಿಕೆಟ್ಟು ಎಲ್ಲ ಸಾಲ ಮಾಡಿ ಕಟ್ಟಿರುತ್ತಾಳೆ. ಮೊದಲ ವಾರಗಳ ಕೂಲಿ ಸಾಲಕ್ಕೇ ಹೋಗುತ್ತದೆ. ಟ್ರೇ ನಿಧಾನವಾಗಿ ತುಂಬಿದರೆ ಮೇಲ್ವಿಚಾರಕನ ಮಾತು ಕೇಳಬೇಕು. ಉಳಿಯಲು ಕೊಟ್ಟ ಕ್ಯಾರವಾನಿನ, ಅಂದರೆ ಗಾಲಿಯ ಮನೆಯ, ಬಾಡಿಗೆ ಸಂಬಳದಲ್ಲೇ ಹಿಡಿಯುತ್ತಾರೆ. ಮುಂದಿನ ವರ್ಷ ಮತ್ತೆ ಕರೆಯುತ್ತಾರಾ? ಭರವಸೆಯಿಲ್ಲ. 2025ಕ್ಕೆ ತೋಟದ ಕೆಲಸಕ್ಕೆ ಬ್ರಿಟನ್ ಇಟ್ಟಿದ್ದ ಮಿತಿ 43,000, ಅದೂ ಎಲ್ಲ ದೇಶಗಳವರಿಗೂ ಸೇರಿ. ಮಾಸ್ಕೋಗೆ ಹೋಗುವ ಲಕ್ಷಗಟ್ಟಲೆ ಜನರಿಗೆ ಇದು ಬದಲಿ ಆಗಲಾರದು.

ಹೀಗೆ ಎಲ್ಲರೂ ಒಂದೊಂದು ದಿಕ್ಕಿಗೆ ಹೋಗುತ್ತಿರುವಾಗ ಬಿಶ್ಕೆಕ್‌ನಲ್ಲಿ ಏನಾಯಿತು? 2022ರ ಸೆಪ್ಟೆಂಬರ್‌ನಲ್ಲಿ ರಷ್ಯಾ ಜನರನ್ನು ಸೈನ್ಯಕ್ಕೆ ಸೇರಿಸಲು ಶುರು ಮಾಡಿದಾಗ ಉಲ್ಟಾ ವಲಸೆ ನಡೆಯಿತು. ಲ್ಯಾಪ್‌ಟಾಪ್ ಹಿಡಿದ ರಷ್ಯನ್ ಯುವಕರು ಬಿಶ್ಕೆಕ್‌ಗೆ ಬಂದಿಳಿದರು. ಮನೆ ಬಾಡಿಗೆ ಗಗನಕ್ಕೇರಿತು. ಮಾಸ್ಕೋದಲ್ಲಿ 'ಸ್ಲಾವ್ ಜನರಿಗೆ ಮಾತ್ರ ಬಾಡಿಗೆಗೆ', ಅಂದರೆ ರಷ್ಯನ್ನರಂಥವರಿಗೆ ಮಾತ್ರ, ಅನ್ನುವ ಜಾಹೀರಾತು ನೋಡಿ ನೋಡಿ ಬೇಸತ್ತಿದ್ದ ಕಿರ್ಗಿಜರು ಆಗ ಏನು ಅಂದುಕೊಂಡಿರಬಹುದು! ಆದರೂ ಹೆಚ್ಚಿನವರು ಮನೆ ಕೊಟ್ಟರು, ಟೀ ಕೊಟ್ಟರು. ಬಾಡಿಗೆ ಮಾತ್ರ ಬಿಡಲಿಲ್ಲ.

ಇನ್ನೊಂದು ಬದಲಾವಣೆ ಹೊಲಿಗೆಯಲ್ಲಿ. ಬಿಶ್ಕೆಕ್‌ನ ದೊರ್ದೊಯ್ ಸಂತೆ ಅಂದರೆ ಸಾವಿರಾರು ಹಡಗಿನ ಕಂಟೇನರುಗಳು. ಕೆಳಗಿನ ಕಂಟೇನರ್ ಅಂಗಡಿ, ಅದರ ಮೇಲಿಟ್ಟದ್ದು ಗೋದಾಮು. ಅಲ್ಲಿಂದ ಬಟ್ಟೆ ರಷ್ಯಾಕ್ಕೆ, ಕಜಕಸ್ತಾನಕ್ಕೆ ಹೋಗುತ್ತದೆ. ಅದನ್ನು ಹೊಲಿಯುವುದು ಊರ ತುಂಬ ಇರುವ 'ತ್ಸೆಖ್'ಗಳಲ್ಲಿ. ನೆಲಮಾಳಿಗೆಯಲ್ಲೋ ಹಳೆಯ ಕಾರ್ಖಾನೆಯ ಮೂಲೆಯಲ್ಲೋ ಇಪ್ಪತ್ತು, ಮೂವತ್ತು ಮಷೀನು. ಟ್ಯೂಬ್‌ಲೈಟು, ಇಸ್ತ್ರಿಯ ಆವಿ, ನೆಲದ ತುಂಬ ಬಟ್ಟೆಯ ಚೂರು. ಕೂಲಿ ದಿನಕ್ಕಲ್ಲ, ಪೀಸಿಗೆ. ಬೇಗ ಹೊಲಿದವರಿಗೆ ಜಾಸ್ತಿ. 2022ರಲ್ಲಿ ಪಾಶ್ಚಾತ್ಯ ಕಂಪನಿಗಳು ರಷ್ಯಾ ಬಿಟ್ಟಾಗ ಆರ್ಡರುಗಳು ಸುರಿದವು. ಮಷೀನು ತಂದರು, ಕೂರುವವರು ಸಿಗಲಿಲ್ಲ. ಚೆನ್ನಾಗಿ ಹೊಲಿಯುವವಳು ಮಾಸ್ಕೋದಲ್ಲಿ ಇದ್ದಾಳೆ. ಹೀಗೆ ಬಾಂಗ್ಲಾದೇಶದಿಂದ, ಪಾಕಿಸ್ತಾನದಿಂದ ಹೊಲಿಗೆಯವರು ಬಂದರು. ಢಾಕಾದ ಗಾರ್ಮೆಂಟ್ಸ್‌ನಲ್ಲಿ ಪಳಗಿದ ಕೈ. ಹಗಲು ಮಷೀನು, ರಾತ್ರಿ ಅಲ್ಲೇ ಪಕ್ಕದ ಕೋಣೆಯಲ್ಲಿ ನಿದ್ದೆ. ಹಬ್ಬ, ತೊಯ್, ಅತ್ತೆ ಮನೆ ಅಂತ ರಜೆ ಕೇಳುವುದಿಲ್ಲ. ಮಾಲೀಕನಿಗೆ ಇನ್ನೇನು ಬೇಕು? ಮಾಸ್ಕೋದ ಮಾಲೀಕ ಕಿರ್ಗಿಜರ ಬಗ್ಗೆ ಮೆಚ್ಚಿಕೊಂಡಿದ್ದೂ ಇದನ್ನೇ.

2024ರ ಮೇ 17ರ ರಾತ್ರಿ ಬಿಶ್ಕೆಕ್‌ನಲ್ಲಿ ನಡೆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹಾಸ್ಟೆಲ್ ಒಂದರ ಬಳಿ ಕೆಲವು ದಿನ ಮುಂಚೆ ಸ್ಥಳೀಯರಿಗೂ ವಿದೇಶಿಯರಿಗೂ ಹೊಡೆದಾಟವಾಗಿತ್ತು. ಅದರ ವೀಡಿಯೊ ಹರಡಿ ನೂರಾರು ಯುವಕರು ಬೀದಿಗಿಳಿದರು, ವಿದೇಶಿಯರು ಇರುವ ಹಾಸ್ಟೆಲುಗಳಿಗೆ, ತ್ಸೆಖ್‌ಗಳಿಗೆ ನುಗ್ಗಿದರು. ಪಾಕಿಸ್ತಾನಿ ವಿದ್ಯಾರ್ಥಿಗಳು ಗಾಯಗೊಂಡರು. ಸುಮಾರು 15,000 ಭಾರತೀಯ ವಿದ್ಯಾರ್ಥಿಗಳಿಗೆ ಹೊರಗೆ ಬರಬೇಡಿ ಅಂತ ನಮ್ಮ ರಾಯಭಾರ ಕಚೇರಿ ಹೇಳಿತು. ಆ ರಾತ್ರಿ ಕರ್ನಾಟಕದಲ್ಲೂ ಎಷ್ಟೋ ಮನೆಗಳಲ್ಲಿ ಫೋನು ಕೈಯಲ್ಲಿ ಹಿಡಿದು ಕೂತವರಿದ್ದರು. ನಮ್ಮ ಟಿವಿಗಳಿಗೆ ಅದು ವಿದ್ಯಾರ್ಥಿಗಳ ಮೇಲಿನ ದಾಳಿ ಮಾತ್ರವಾಗಿ ಕಂಡಿತು. ಆದರೆ ಬೀದಿಯಲ್ಲಿದ್ದವರ ಬಾಯಲ್ಲಿ ಕೆಲಸದ ಮಾತೂ ಇತ್ತು: ಹೊರಗಿನವರು ಅಕ್ರಮವಾಗಿ ಬಂದು ನಮ್ಮ ಕೆಲಸ ಕಿತ್ತುಕೊಳ್ಳುತ್ತಿದ್ದಾರೆ. ಸರ್ಕಾರವೂ ಅಕ್ರಮ ವಲಸಿಗರನ್ನು ಹುಡುಕಿ ಕಳಿಸುತ್ತೇವೆ ಅಂದಿತು. ಎರಡು ತಿಂಗಳ ಹಿಂದೆ ಕ್ರೋಕಸ್ ನಂತರ ಮಾಸ್ಕೋದಲ್ಲಿ ಕಿರ್ಗಿಜರ ಬಗ್ಗೆ ಕೇಳಿಬಂದ ಮಾತೇ ಬಿಶ್ಕೆಕ್‌ನಲ್ಲಿ ಕಿರ್ಗಿಜ್ ಭಾಷೆಯಲ್ಲಿ ಕೇಳಿಬಂತು.

ಈಗ ಕಲಬುರಗಿಗೆ ಬರೋಣ. ರಷ್ಯಾದಲ್ಲಿ ನಿರುದ್ಯೋಗ 2% ಆಸುಪಾಸಿಗೆ ಇಳಿದಿದೆ. ಜನ ಬೇಕು, ಆದರೆ ಮಧ್ಯ ಏಷ್ಯಾದವರು ಬೇಡ ಅನ್ನುವ ಮನಸ್ಥಿತಿ. ಕಣ್ಣು ನಮ್ಮ ಕಡೆ ತಿರುಗಿದೆ. 2025ರ ಡಿಸೆಂಬರ್‌ನಲ್ಲಿ ಪುಟಿನ್ ದೆಹಲಿಗೆ ಬಂದಾಗ ಕಾರ್ಮಿಕರನ್ನು ತಾತ್ಕಾಲಿಕ ಕೆಲಸಕ್ಕೆ ಕಳಿಸುವ ಒಪ್ಪಂದಕ್ಕೆ ಎರಡೂ ದೇಶಗಳು ಸಹಿ ಹಾಕಿದವು. ಅದಕ್ಕೂ ಮೊದಲೇ ಭಾರತೀಯರು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಸ್ತೆ ಗುಡಿಸುವ ಕೆಲಸಕ್ಕೆ ಸೇರಿದ್ದರು. ಬೀದಿ ಗುಡಿಸಿ ಹಿಮ ಬಳಿಯುವವನಿಗೆ ಅಲ್ಲಿ 'ದ್ವೋರ್ನಿಕ್' ಅನ್ನುತ್ತಾರೆ. ಇಪ್ಪತ್ತು ವರ್ಷದಿಂದ ದ್ವೋರ್ನಿಕ್ ಅಂದರೆ ಕಿರ್ಗಿಜನೋ ತಜಿಕನೋ ಆಗಿದ್ದ.

ಒಪ್ಪಂದ ಇರುವುದು ಒಳ್ಳೆಯದೇ. ಒಪ್ಪಂದ ಇಲ್ಲದ ಕಾಲದಲ್ಲಿ ಏನಾಯಿತು ಅನ್ನುವುದು ಕಲಬುರಗಿಯವರಿಗೆ ಗೊತ್ತು. ಸೆಕ್ಯುರಿಟಿ ಕೆಲಸ ಅಂತ ನಂಬಿಸಿ ಕರೆದೊಯ್ದ ಅಲ್ಲಿನ ಯುವಕರನ್ನು ರಷ್ಯಾದ ಸೈನ್ಯಕ್ಕೆ ಸೇರಿಸಿದ್ದು 2024ರ ಶುರುವಿನಲ್ಲಿ ಬಯಲಾಯಿತು. ತಿಂಗಳುಗಟ್ಟಲೆ ಕಾದ ಮೇಲೆ ಅವರು ವಾಪಸ್ ಬಂದರು.

ಆದರೆ ಕಿರ್ಗಿಜನ ಜಾಗಕ್ಕೆ ಹೋಗುವ ಭಾರತೀಯನಿಗೆ ಕಿರ್ಗಿಜನ ಕಾಗದ ಸಿಗುವುದಿಲ್ಲ. ಕಿರ್ಗಿಜನಾದರೆ ರಷ್ಯಾದಲ್ಲಿ ವೀಸಾ ಇಲ್ಲದೆ ಇಳಿಯುತ್ತಾನೆ. ಒಬ್ಬ ಮಾಲೀಕ ಸಂಬಳ ಕೊಡದಿದ್ದರೆ ಸಾಮಾನು ಕಟ್ಟಿ ಇನ್ನೊಬ್ಬನ ಹತ್ತಿರ ಹೋಗುತ್ತಾನೆ. ಭಾರತೀಯ ಹೋಗುವುದು ಕಂಪನಿ ತರಿಸಿದ ವೀಸಾದಲ್ಲಿ, ಕಂಪನಿಯ ಹೆಸರಿನ ಪರವಾನಗಿಯಲ್ಲಿ. ಕಂಪನಿ ಬಿಟ್ಟರೆ ರಷ್ಯಾವನ್ನೇ ಬಿಡಬೇಕಾಗಬಹುದು. ಸುಲಭವಾಗಿ ಕೈಬದಲಾಯಿಸುವ ಕೆಲಸಗಾರ ಬೇಡ, ಒಂದೇ ಕಡೆ ಕಟ್ಟಿಹಾಕಿದ ಕೆಲಸಗಾರ ಬೇಕು ಅನ್ನುವುದು ರಷ್ಯಾದ ಹೊಸ ನೀತಿಗಳಲ್ಲೆಲ್ಲ ಕಾಣುವ ದಿಕ್ಕು. ರಷ್ಯಾಕ್ಕೆ ಹೋಗುತ್ತೇನೆ ಅಂತ ಯಾರಾದರೂ ಪಾಸ್‌ಪೋರ್ಟ್ ಮಾಡಿಸುತ್ತಿದ್ದರೆ ಸಂಬಳ ಎಷ್ಟು ಅಂತ ಕೇಳುವುದು ಆಮೇಲೆ ಇರಲಿ. ಮಾಲೀಕನನ್ನು ಬಿಡಬೇಕಾದ ದಿನ ಕೈಯಲ್ಲಿ ಯಾವ ಕಾಗದ ಉಳಿದಿರುತ್ತದೆ ಅಂತ ಮೊದಲು ಕೇಳಿ. ಅದು ಯಾವ ಭಾಷೆಯಲ್ಲಿದೆ ಅಂತಲೂ ಕೇಳಿ.